ಪುಟ್ಟಿ ಎಳೆಯುವ ಮುನ್ನ ಜಂಕ್ಷನ್ ಬಾಕ್ಸ್ ಹುಡುಕಿ

ಮನೆಗೆ ಹೊಸ ಬಣ್ಣ ಹೊಡೆಸುವಾಗ ಗೋಡೆ ಮೇಲಿನ ಜಂಕ್ಷನ್ ಬಾಕ್ಸ್‌ಗಳ, ಅಂದರೆ ವೈರ್‌ಗಳನ್ನು ಜೋಡಿಸುವ ಡಬ್ಬಿಗಳ, ದುಂಡು ಮುಚ್ಚಳಗಳು ಕಣ್ಣಿಗೆ ಚುಚ್ಚುತ್ತವೆ. ‘ಇದರ ಮೇಲೂ ಪುಟ್ಟಿ ಎಳೆದುಬಿಡಿ’ ಅಂತ ಪೇಂಟರ್‌ಗೆ ಹೇಳಿಬಿಡುತ್ತೇವೆ. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಮೂರು ಮಳೆಗಾಲ ಕಳೆದ ಮೇಲೆ ಹಾಲ್‌ನ ಲೈಟು ಮಿಣುಕತೊಡಗಿತು. ಬಲ್ಬ್ ಬದಲಿಸಿದೆವು, ಸ್ವಿಚ್ ಬದಲಿಸಿದೆವು, ಸರಿಹೋಗಲಿಲ್ಲ. ಕೊನೆಗೆ ಗೋಡೆ ಕೆತ್ತಿ ಬಾಕ್ಸ್ ತೆರೆದಾಗ ವೈರ್‌ಗೆ ಸುತ್ತಿದ್ದ ಟೇಪ್ ಜೋನಿಬೆಲ್ಲದ ಹಾಗೆ ಅಂಟಂಟಾಗಿತ್ತು. ಒಳಗಿನ ತಾಮ್ರದ ಎಳೆಗಳು ಕಪ್ಪಾಗಿದ್ದವು.

ವೈರಿಂಗ್ ಜಾಸ್ತಿ ಕೆಡುವುದು ಜಾಯಿಂಟ್ ಇರುವಲ್ಲೇ. ಜಾಯಿಂಟ್ ಸಡಿಲವಾದರೆ ಅಲ್ಲಿ ಬಿಸಿ ಹುಟ್ಟುತ್ತದೆ. ಆ ಬಿಸಿಗೆ ಇನ್ಸುಲೇಷನ್ ಸುಡುತ್ತದೆ, ಬೆಂಕಿಯೂ ಹೊತ್ತಬಹುದು. ಅದಕ್ಕೇ ಜಾಯಿಂಟ್ ಇರುವ ಬಾಕ್ಸ್ ಯಾವಾಗಲೂ ಕೈಗೆ ಸಿಗುವಂತಿರಬೇಕು.

ಮೊದಲು ಹುಡುಕಿ. ಸ್ವಿಚ್ ಬೋರ್ಡ್‌ನಿಂದ ನೇರ ಮೇಲಕ್ಕೆ, ಸೀಲಿಂಗ್ ಹತ್ತಿರದವರೆಗೆ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಗುರುತು ಹಾಕಿ. ಸಂಜೆ ಟಾರ್ಚನ್ನು ಗೋಡೆಗೆ ಒರಗಿಸಿ ಬೆಳಕು ಬಿಟ್ಟರೆ ಪುಟ್ಟಿಯ ಕೆಳಗಿನ ದುಂಡು ಅಂಚು ಕಾಣುವುದುಂಟು. ಕಬ್ಬಿಣದ ಬಾಕ್ಸ್ ಆಗಿದ್ದರೆ ತುಕ್ಕಿನ ಕಲೆಯೂ ಮೂಡಿರಬಹುದು.

ತೆರೆಯುವ ಮುನ್ನ ಮಲ್ಟಿಮೀಟರನ್ನು (ವೋಲ್ಟೇಜ್ ಅಳೆಯುವ ಮೀಟರ್) ಕರೆಂಟ್ ಇರುವ ಸಾಕೆಟ್‌ನಲ್ಲಿ ಪರೀಕ್ಷಿಸಿ. 230 ವೋಲ್ಟ್ ಆಸುಪಾಸು ತೋರಿಸಬೇಕು. ಆಮೇಲೆ ಮೇನ್ ಸ್ವಿಚ್ ಇಳಿಸಿ. ಒಂದೇ ಎಂಸಿಬಿ (ಒಂದು ಸರ್ಕ್ಯೂಟ್‌ನ ಕರೆಂಟ್ ಕಡಿಯುವ ಸ್ವಿಚ್) ಇಳಿಸಿದರೆ ಸಾಲದು, ಒಂದೇ ಬಾಕ್ಸ್‌ನಲ್ಲಿ ಎರಡು ಮೂರು ಸರ್ಕ್ಯೂಟ್‌ಗಳ ವೈರ್ ಇರಬಹುದು. ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ: ಯುಪಿಎಸ್ ಕೂಡ ಆಫ್ ಮಾಡಿ. ಮೇನ್ ಹೋದ ತಕ್ಷಣ ಅದು ತಾನೇ ಕರೆಂಟ್ ಕೊಡಲು ಶುರು ಮಾಡುತ್ತದೆ, ಅಲ್ವಾ? ಮುಚ್ಚಳ ತೆಗೆದ ಮೇಲೂ ಪ್ರತಿ ವೈರನ್ನು ಮೀಟರ್ ಇಟ್ಟು ನೋಡಿ. ಬರೀ ಟೆಸ್ಟರ್ ನಂಬಬೇಡಿ.

ಒಳಗಿನ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ. ಆದರೆ ಪಕ್ಕದಲ್ಲಿ ನಿಂತು ನೋಡಿ. ಸುಮ್ನೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಇದ್ದರೆ ಕನೆಕ್ಟರ್ ಹಾಕಿಸಿ. ಹಳೆ ಮನೆಯಲ್ಲಿ ಅಲ್ಯೂಮಿನಿಯಂ ವೈರ್ ಇದ್ದರೆ ತಾಮ್ರದ ಜೊತೆ ನೇರವಾಗಿ ತಿರುಚಲು ಬಿಡಬೇಡಿ. ಗೋಡೆಯೊಳಗೆ ವೈರ್ ಹೋಗುವ ಪೈಪ್ ಚೆನ್ನಾಗಿದ್ದರೆ ಬೋರ್ಡ್‌ನಿಂದ ಪಾಯಿಂಟ್‌ವರೆಗೆ ಹೊಸ ವೈರನ್ನು ನಡುವೆ ಜಾಯಿಂಟ್ ಇಲ್ಲದೆ ಎಳೆಸುವುದೇ ನನಗೆ ಮೆಚ್ಚು. ಆಗ ಬಾಕ್ಸ್‌ನಲ್ಲಿ ಕೆಡುವಂಥ ಜಾಯಿಂಟೇ ಉಳಿಯುವುದಿಲ್ಲ.

ಟೈಲ್ಸ್ ಹಾಕಿಸುವುದಿದ್ದರೆ ಬಾಕ್ಸ್ ಒಳಗೆ ಹೂತುಹೋಗುತ್ತದೆ. ಎಕ್ಸ್‌ಟೆನ್ಷನ್ ರಿಂಗ್ ಹಾಕಿಸಿ ಅದನ್ನು ಟೈಲ್ಸ್ ಮಟ್ಟಕ್ಕೆ ತರಿಸಿ. ಫಾಲ್ಸ್ ಸೀಲಿಂಗ್ ಆದರೆ ಬಾಕ್ಸ್‌ನ ಕೆಳಗೇ ತೆರೆಯಬಲ್ಲ ಚಿಕ್ಕ ಬಾಗಿಲು ಬಿಡಿಸಿ, ಕೈ ಮತ್ತು ಸ್ಕ್ರೂಡ್ರೈವರ್ ಎರಡೂ ಆರಾಮಾಗಿ ಹೋಗುವಷ್ಟು ಅಗಲ ಇರಲಿ. ಮುಚ್ಚಳ ಎದ್ದು ಕಾಣುತ್ತದೆ ಅನ್ನಿಸಿದರೆ ಅದನ್ನು ಬಿಚ್ಚಿ, ಗೋಡೆಯ ಬಣ್ಣವನ್ನೇ ಹೊಡೆದು, ಒಣಗಿದ ಮೇಲೆ ಕೂರಿಸಿ. ಸ್ಕ್ರೂ ತಲೆಯ ಮೇಲೆ ಪುಟ್ಟಿ ಬೀಳದಿರಲಿ.

ಕೆಲಸ ಮುಗಿಯುವ ಮುನ್ನ ಪ್ರತಿ ಬಾಕ್ಸ್‌ನ ಪಕ್ಕ ಅಳತೆ ಟೇಪ್ ಹಿಡಿದು ಫೋಟೊ ತೆಗೆಯಿರಿ. ಮೂಲೆಯಿಂದ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ ಎಂದು ಒಂದು ಹಾಳೆಯಲ್ಲಿ ಬರೆದು ಡಿಬಿ (ಎಂಸಿಬಿಗಳಿರುವ ಪೆಟ್ಟಿಗೆ) ಬಾಗಿಲಿನ ಒಳಗೆ ಅಂಟಿಸಿ. ನಮ್ಮ ಮನೆಯ ಹಾಳೆಯಲ್ಲಿ ಈಗ ಏಳು ಬಾಕ್ಸ್‌ಗಳ ಲೆಕ್ಕ ಇದೆ. ಮೊನ್ನೆ ಗಡಿಯಾರಕ್ಕೆ ಮೊಳೆ ಹೊಡೆಯುವ ಮೊದಲು ಅದನ್ನೇ ತೆರೆದು ನೋಡಿದೆವು.