ಮನೆಯ ಕಂಪ್ಯೂಟರಿನಲ್ಲೇ ವೆಬ್‌ಪುಟ: ಎಲ್ಲಿಯವರೆಗೆ ಆಗುತ್ತದೆ?

ಕಳೆದ ಯುಗಾದಿಗೆ ಅಕ್ಕನ ಮಗಳು ಅಜ್ಜಿಯ ಅಡುಗೆಗಳನ್ನೆಲ್ಲ ಬರೆದು, ಫೋಟೊ ಸೇರಿಸಿ ಒಂದು ವೆಬ್‌ಪುಟ ಮಾಡಿದ್ದಳು. ಪುಟ ಇದ್ದದ್ದು ನಡುಮನೆಯ ಲ್ಯಾಪ್‌ಟಾಪಿನಲ್ಲಿ. ಬಂದವರೆಲ್ಲ ಮನೆಯ ವೈಫೈ ಹಾಕಿಕೊಂಡು ತಮ್ಮ ಫೋನಿನಲ್ಲೇ ನೋಡಿದರು. ಅಜ್ಜಿಯಂತೂ ಹೋಳಿಗೆಯ ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದರು. ಅಷ್ಟರಲ್ಲಿ ಎಲೆ ಹಾಕಲು ಜಾಗ ಬೇಕೆಂದು ಯಾರೋ ಲ್ಯಾಪ್‌ಟಾಪ್ ಮಡಚಿ ಎತ್ತಿಟ್ಟರು. ಆಮೇಲೆ ಯಾರು ತೆರೆದರೂ ಪುಟ ಬರಲಿಲ್ಲ.

ಮನೆಯ ಕಂಪ್ಯೂಟರ್ ವೆಬ್‌ಪುಟವನ್ನು ಖಂಡಿತ ಕೊಡಬಲ್ಲದು. ಆದರೆ ಅದು ಎದುರಿಗೆ ಕೂತು ಕೆಲಸ ಮಾಡುವವರಿಗಾಗಿ ಮಾಡಿದ್ದು. ಹಗಲೂ ರಾತ್ರಿ ಬಂದವರಿಗೆಲ್ಲ ಪುಟ ಕೊಡುವುದು ಅದರ ಕೆಲಸವಲ್ಲ. ಕಲಿಯುವುದಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅದರ ಮಿತಿಗಳು ಗೊತ್ತಿರಬೇಕು, ಅಷ್ಟೇ.

ಮೊದಲು ಸರ್ವರ್ ಶುರು ಮಾಡಿ

ವಿಂಡೋಸ್ 10 ಅಥವಾ 11 ಇದ್ದರೆ ಸ್ಟಾರ್ಟ್ ಮೆನುವಿನಲ್ಲಿ 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ಹುಡುಕಿ. ಅದರಲ್ಲಿ 'ಇಂಟರ್ನೆಟ್ ಇನ್ಫರ್ಮೇಷನ್ ಸರ್ವಿಸಸ್' ಎದುರು ಟಿಕ್ ಹಾಕಿ ಓಕೆ ಒತ್ತಿ. ಐಐಎಸ್ ಅನ್ನುವುದು ಇದನ್ನೇ; ಕೇಳಿದವರಿಗೆ ಪುಟ ಕಳಿಸುವ ಪ್ರೋಗ್ರಾಂ, ಅಂದರೆ ಸರ್ವರ್. ಈಗ ಬ್ರೌಸರ್‌ನ ವಿಳಾಸದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಲೋಕಲ್‌ಹೋಸ್ಟ್' ಎಂದು ಟೈಪ್ ಮಾಡಿ. ನೀಲಿ ಬಣ್ಣದ ಪುಟ ಬಂದರೆ ಸರ್ವರ್ ನಡೆಯುತ್ತಿದೆ ಎಂದರ್ಥ.

ನಿಮ್ಮ ಫೈಲುಗಳನ್ನು ಸಿ ಡ್ರೈವ್‌ನ ಇನೆಟ್‌ಪಬ್ ಫೋಲ್ಡರಿನಲ್ಲಿರುವ 'ಡಬ್ಲ್ಯೂಡಬ್ಲ್ಯೂಡಬ್ಲ್ಯೂರೂಟ್' ಒಳಗೆ ಹಾಕಿ. ಮೊದಲ ಪುಟದ ಹೆಸರು 'ಇಂಡೆಕ್ಸ್.ಎಚ್‌ಟಿಎಂಎಲ್' ಇರಲಿ. ನೋಟ್‌ಪ್ಯಾಡ್‌ನಲ್ಲಿ ಬರೆದಿದ್ದರೆ ಸೇವ್ ಮಾಡುವಾಗ 'ಆಲ್ ಫೈಲ್ಸ್' ಆರಿಸಿ. ಇಲ್ಲದಿದ್ದರೆ ಹೆಸರಿನ ಕೊನೆಗೆ 'ಟಿಎಕ್ಸ್‌ಟಿ' ಅಂಟಿಕೊಳ್ಳಬಹುದು. ಆಗ ಎಷ್ಟು ಹುಡುಕಿದರೂ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಪುಟದ ತಲೆಭಾಗದಲ್ಲಿ ಅಕ್ಷರ ಸಂಕೇತ 'ಯುಟಿಎಫ್-8' ಎಂದು ಹೇಳುವ ಮೆಟಾ ಸಾಲು ಹಾಕಲೇಬೇಕು. ಬರೆದದ್ದು ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಗಳ ಅಕ್ಷರಕ್ಕೂ ಇರುವ ಒಂದೇ ಸಂಕೇತದಲ್ಲಿ, ಇರಬೇಕು. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಸುಮ್ನೆ ಅಂಟಿಸಿದರೆ ಓದಲಾಗದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ.

ಫೋನಿನಲ್ಲಿ ನೋಡಲು ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್' ಕೊಡಿ. ಐಪಿವಿ4 ಎದುರು 192.168.1.5 ರೀತಿಯ ಸಂಖ್ಯೆ ಕಾಣುತ್ತದೆ. ಅದೇ ವೈಫೈಯಲ್ಲಿರುವ ಫೋನಿನ ಬ್ರೌಸರ್‌ನಲ್ಲಿ ಆ ಸಂಖ್ಯೆ ಹಾಕಿ. ಪುಟ ಬರದಿದ್ದರೆ, ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್‌ನ ಅನುಮತಿಗಳ ಪಟ್ಟಿಯಲ್ಲಿ 'ವರ್ಲ್ಡ್ ವೈಡ್ ವೆಬ್ ಸರ್ವಿಸಸ್'ಗೆ ಟಿಕ್ ಇದೆಯೇ ನೋಡಿ. ದಯವಿಟ್ಟು ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡಬೇಡಿ.

ಒಟ್ಟಿಗೆ ಎಷ್ಟು ಜನ?

ಇಲ್ಲೇ ವಿಂಡೋಸ್‌ನ ಹೋಮ್ ಆವೃತ್ತಿಯ ಮಿತಿ ಎದುರಾಗುವುದು. 2001ರ ವಿಂಡೋಸ್ ಎಕ್ಸ್‌ಪಿ ಹೋಮ್‌ನಲ್ಲಿ ಐಐಎಸ್ ಇರಲೇ ಇಲ್ಲ. ಪ್ರೊಫೆಷನಲ್‌ನಲ್ಲಿತ್ತು, ಆದರೆ ಒಟ್ಟಿಗೆ 10 ಸಂಪರ್ಕ ಮಾತ್ರ. ಅದಕ್ಕಿಂತ ಜಾಸ್ತಿಯಾದರೆ 403.9 ಎಂಬ ದೋಷದ ಪುಟ ಬರುತ್ತಿತ್ತು. 2009ರ ವಿಂಡೋಸ್ 7 ಹೋಮ್ ಪ್ರೀಮಿಯಂನಲ್ಲಿ ಐಐಎಸ್ ಇತ್ತು. ಅಲ್ಲಿ ಏಕಕಾಲಕ್ಕೆ 3 ಕೋರಿಕೆ, ಪ್ರೊಫೆಷನಲ್‌ನಲ್ಲಿ 10. ಉಳಿದವು ತಿರಸ್ಕಾರವಾಗದೆ ಸಾಲಿನಲ್ಲಿ ನಿಲ್ಲುತ್ತಿದ್ದವು.

ಮೂರು ಕೋರಿಕೆ ಅಂದರೆ ಮೂರು ಜನ ಅಲ್ಲ. ಪುಟದಲ್ಲಿ ಹನ್ನೆರಡು ಫೋಟೊ ಇದ್ದರೆ ಬ್ರೌಸರ್ ಪುಟಕ್ಕೊಂದು, ಪ್ರತಿ ಫೋಟೊಗೊಂದು ಕೋರಿಕೆ ಕಳಿಸುತ್ತದೆ. ಸಾಮಾನ್ಯವಾಗಿ ಒಂದೇ ಸರ್ವರ್‌ಗೆ ಒಟ್ಟಿಗೆ ಆರು ಸಂಪರ್ಕ ತೆರೆಯುತ್ತದೆ. ಹಾಗಾಗಿ ಒಬ್ಬರೇ ನೋಡುತ್ತಿದ್ದರೂ ಸಾಲು ಶುರುವಾಗಬಹುದು! ಚಿಕ್ಕ ಫೈಲುಗಳಾದರೆ ಸಾಲು ಕ್ಷಣದಲ್ಲಿ ಕರಗುತ್ತದೆ, ಗೊತ್ತೇ ಆಗುವುದಿಲ್ಲ. ಕ್ಯಾಮೆರಾದಿಂದ ತೆಗೆದ ದೊಡ್ಡ ಫೋಟೊಗಳನ್ನು ಹಾಗೇ ಹಾಕಿದರೆ ಕಾಯಬೇಕು. ಮೊದಲು ಫೋಟೊ ಚಿಕ್ಕದು ಮಾಡಿ.

ಈ ಲೆಕ್ಕ ಐಐಎಸ್‌ನದು. ಉಚಿತವಾಗಿ ಸಿಗುವ ಅಪಾಚೆ ಸರ್ವರ್‌ಗೆ ಇದು ಅನ್ವಯಿಸುವುದಿಲ್ಲ. ಅದನ್ನು, ಡೇಟಾಬೇಸ್ ಸಮೇತ, ಎಕ್ಸ್‌ಎಎಂಪಿಪಿ ಎಂಬ ಪ್ಯಾಕೇಜ್ ಮೂಲಕ ಹಾಕಿಕೊಳ್ಳಬಹುದು. ಆದರೆ ಎರಡೂ ಮಾಮೂಲಿಯಾಗಿ 80ನೇ ಪೋರ್ಟನ್ನೇ (ಕಂಪ್ಯೂಟರಿನ ನೆಟ್‌ವರ್ಕ್ ಬಾಗಿಲಿನ ಸಂಖ್ಯೆ) ಕೇಳುತ್ತವೆ. ಐಐಎಸ್ ನಡೆಯುತ್ತಿದ್ದರೆ ಅಪಾಚೆ ಏಳುವುದಿಲ್ಲ. ಒಂದನ್ನು ನಿಲ್ಲಿಸಿ, ಇಲ್ಲವೇ ಅಪಾಚೆಗೆ 8080 ಕೊಡಿ. ಮ್ಯಾಕ್‌ನಲ್ಲಿ ಅಪಾಚೆ ಮೊದಲೇ ಇರುತ್ತದೆ, ಆದರೆ 2021ರ ಮಾಂಟೆರಿ ಆವೃತ್ತಿಯಿಂದ, ಪುಟ ತಯಾರಿಸುವ ಪಿಎಚ್‌ಪಿ ಭಾಷೆಯನ್ನು ತೆಗೆದುಹಾಕಿದ್ದಾರೆ.

ನಿದ್ದೆ ಮತ್ತು ರೌಟರ್

1990ರಲ್ಲಿ ಸ್ವಿಟ್ಜರ್ಲೆಂಡಿನ ಸೆರ್ನ್‌ನಲ್ಲಿ ಟಿಮ್ ಬರ್ನರ್ಸ್-ಲೀ ಜಗತ್ತಿನ ಮೊದಲ ವೆಬ್ ಸರ್ವರ್ ನಡೆಸಿದ್ದು ಒಂದು ನೆಕ್ಸ್ಟ್ ಮೇಜಿನ ಕಂಪ್ಯೂಟರಿನಲ್ಲಿ. 'ಇದು ಸರ್ವರ್, ಆಫ್ ಮಾಡಬೇಡಿ' ಎಂದು ಅದಕ್ಕೆ ಚೀಟಿ ಅಂಟಿಸಿದ್ದರು. ನಮ್ಮ ಲ್ಯಾಪ್‌ಟಾಪಿಗೂ ಅಂಥ ಚೀಟಿ ಬೇಕಿತ್ತು, ಅಲ್ವಾ? ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ 'ನೆವರ್' ಮಾಡಿ, ಮುಚ್ಚಳ ಮುಚ್ಚಿದರೆ 'ಡು ನಥಿಂಗ್' ಎಂದು ಆರಿಸಿ. ಆದರೂ ಅಪ್‌ಡೇಟ್ ಆದಾಗ ರೀಸ್ಟಾರ್ಟ್ ಇದ್ದೇ ಇದೆ. ಕರೆಂಟ್ ಹೋದರೆ ರೌಟರೂ ಹೋಯಿತು.

ಮನೆಯಾಚೆಗೆ ಪುಟ ತೋರಿಸಬೇಕೆಂದರೆ ರೌಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ರೌಟರಿನ ಹೊರಬದಿಯ ವಿಳಾಸ, ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ ಒಂದೇ ಹೊರವಿಳಾಸವನ್ನು ನೀವು, ಬೇರೆ ಮನೆಯವರು ಹಂಚಿಕೊಂಡಿದ್ದೀರಿ. ಆಗ ರೌಟರಿನಲ್ಲಿ ಪೋರ್ಟ್ ತೆರೆದರೂ ಹೊರಗಿನವರು ಒಳಗೆ ಬರಲಾರರು. ವಿಳಾಸ ನಿಮ್ಮದೇ ಆಗಿದ್ದರೂ ಮನೆಯ ಲೆಕ್ಕಪತ್ರ, ಫೋಟೊ ಎಲ್ಲ ಇರುವ ಕಂಪ್ಯೂಟರಿನ ಬಾಗಿಲನ್ನು ಊರಿಗೆಲ್ಲ ತೆರೆದಿಡುವುದು ಬೇಡ ಎಂದೇ ನನ್ನ ಸಲಹೆ.

ಬದಲಿಗೆ ಅದೇ ಫೈಲುಗಳನ್ನು ಗಿಟ್‌ಹಬ್ ಪೇಜಸ್‌ನಂಥ, ವೆಬ್‌ಪುಟ ಇಡಲು ಸಿಗುವ ಉಚಿತ ಜಾಗಕ್ಕೆ ಹಾಕಿ. ಹಾಕುವ ಮುಂಚೆ ಫೈಲ್ ಹೆಸರುಗಳನ್ನೆಲ್ಲ ಇಂಗ್ಲಿಷ್ ಸಣ್ಣ ಅಕ್ಷರಕ್ಕೆ ತನ್ನಿ, ಪುಟದ ಒಳಗೂ ಹಾಗೇ ಬರೆಯಿರಿ. ಮಾಮೂಲಿ ವಿಂಡೋಸ್‌ಗೆ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎರಡೂ ಒಂದೇ. ಗಿಟ್‌ಹಬ್ ಪೇಜಸ್‌ನಲ್ಲಿ ಹಾಗಲ್ಲ. ನಮ್ಮ ಹುಡುಗಿಯ ಪುಟವನ್ನು ಹಾಗೆ ಏರಿಸಿದಾಗ ಹೋಳಿಗೆಯ ಫೋಟೊ ಒಂದೇ ಮಾಯವಾಗಿತ್ತು. ಫೈಲ್ ಹೆಸರಿನ ಕೊನೆಯ 'ಜೆಪಿಜಿ' ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿತ್ತು. ಅದನ್ನು ಸರಿ ಮಾಡಿದ ಸಂಜೆ ಅಜ್ಜಿ ಮತ್ತೆ ಫೋನ್ ಕೇಳಿ ತೆಗೆದುಕೊಂಡರು.