ಗೋಡೆ ಬಂತೆಂದು ತಟ್ಟಿ ಹೇಳುವುದು: ಅಂಧ ಈಜುಗಾರರ ಟ್ಯಾಪರ್‌ಗೆ ಕೈಪಿಡಿ

ಪ್ಯಾರಾ ಈಜಿನ ಎಸ್11 ವರ್ಗದವರು, ಅಂದರೆ ಕಣ್ಣು ಕಾಣದ ಅಥವಾ ಕಾಣದಷ್ಟೇ ಎನ್ನಬಹುದಾದ ಈಜುಗಾರರು, ಸ್ಪರ್ಧೆಯಲ್ಲಿ ಬೆಳಕು ನುಸುಳದ ಕಪ್ಪು ಗಾಗಲ್ಸ್ ಹಾಕಲೇಬೇಕು. ಗೋಡೆ ಹತ್ತಿರವಾದಾಗ ಕೋಲಿನಿಂದ ಮೈ ತಟ್ಟುವ ಟ್ಯಾಪರ್ ಕೂಡ ಅವರಿಗೆ ಕಡ್ಡಾಯ. ಸ್ವಲ್ಪ ಕಾಣುವ ಎಸ್12, ಎಸ್13 ವರ್ಗದವರು ಬೇಕೆನಿಸಿದರೆ ಟ್ಯಾಪರ್ ಇಟ್ಟುಕೊಳ್ಳಬಹುದು. ಎರಡೂ ತುದಿಯಲ್ಲಿ ತಟ್ಟುವುದಾದರೆ ತುದಿಗೊಬ್ಬರು ಬೇಕು. ಮನೆಯವರೇ ಕಲಿತು ಮಾಡಬಹುದಾದ ಕೆಲಸ ಇದು.

ಕೋಲಿಗೆ ಹಾರ್ಡ್‌ವೇರ್ ಅಂಗಡಿಯ ಹಗುರ ಅಲ್ಯೂಮಿನಿಯಂ ಪೈಪು ಸಾಕು, ಎರಡರಿಂದ ಎರಡೂವರೆ ಮೀಟರ್ ಉದ್ದ. ಪಿವಿಸಿ ಪೈಪು ಬಿಸಿಲಿಗೆ ಬಾಗುತ್ತದೆ, ತಟ್ಟಿದ್ದು ಒಂದು ಗೇಣು ಆಚೀಚೆ ಬೀಳುತ್ತದೆ. ತುದಿಗೆ ನೀರು ಕುಡಿಯದ ಫೋಮ್ ಸುತ್ತಿ ಟೇಪ್ ಬಿಗಿಯಿರಿ. ಟೆನಿಸ್ ಚೆಂಡನ್ನೂ ಸಿಕ್ಕಿಸಬಹುದು, ಆದರೆ ಒಳಗೆ ನೀರು ತುಂಬಿದರೆ ಭಾರವಾಗಿ ಪೆಟ್ಟಾಗುತ್ತದೆ. ಕೋಲನ್ನು ಸ್ಪರ್ಧೆಗೆ ಮುಂಚೆಯೇ ಅಧಿಕಾರಿಗಳಿಗೆ ತೋರಿಸಿ ಒಪ್ಪಿಗೆ ಪಡೆಯಿರಿ.

ನಿಜವಾದ ಕಷ್ಟ ಇರುವುದು ಸಮಯದಲ್ಲಿ. 100 ಮೀಟರನ್ನು 75 ಸೆಕೆಂಡಿನಲ್ಲಿ ಈಜುವವರು ಸೆಕೆಂಡಿಗೆ 1.33 ಮೀಟರ್ ಸಾಗುತ್ತಾರೆ. ನೀವು 0.3 ಸೆಕೆಂಡ್ ತಡಮಾಡಿದರೆ 40 ಸೆಂ.ಮೀ., ಹೆಚ್ಚುಕಡಿಮೆ ಒಂದು ಮೊಳ ಹೋಯಿತು. ಗೋಡೆಯ ಬಳಿ ನೀರಲ್ಲೇ ಲಾಗ ಹಾಕಿ ಕಾಲಿನಿಂದ ಗೋಡೆ ಒದ್ದು ತಿರುಗುವ ಫ್ಲಿಪ್ ಟರ್ನ್‌ನಲ್ಲಿ ಅಷ್ಟು ತಡವಾದರೆ ಹಿಮ್ಮಡಿ ಗೋಡೆಗೆ ಬಡಿಯುತ್ತದೆ. ಬೇಗ ತಟ್ಟಿದರೆ ಕಾಲು ಗೋಡೆಗೆ ಎಟುಕುವುದೇ ಇಲ್ಲ.

ಆದ್ದರಿಂದ ಮೊದಲು ದಡದ ಮೇಲೆ ಬಣ್ಣದ ಟೇಪಿನಿಂದ ಗೋಡೆಯಿಂದ ಒಂದೂವರೆ ಮೀಟರ್ ದೂರಕ್ಕೆ ಗುರುತು ಹಾಕಿ. ಈಜುಗಾರರ ತಲೆ ಆ ಗುರುತಿಗೆ ಬಂದಾಗ ಒಂದೇ ಸಲ, ಸ್ಪಷ್ಟವಾಗಿ ತಟ್ಟಿ. ಎರಡು ಸಲ ತಟ್ಟಿದರೆ ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಅವರಿಗೆ ಗೊಂದಲ. ತಟ್ಟಿದ ಮೇಲೆ ಗೋಡೆಗೆ ಎಷ್ಟು ಸ್ಟ್ರೋಕ್ (ಕೈಬೀಸು) ಬೇಕು ಎಂಬುದನ್ನು ಅವರೇ ಹೇಳಲಿ, ಗುರುತನ್ನು ಅದಕ್ಕೆ ತಕ್ಕಂತೆ ಸರಿಸಿ. ನಿಧಾನದ ವೇಗದಲ್ಲಿ ಸರಿಹೋದದ್ದು ರೇಸಿನ ವೇಗಕ್ಕೆ ಸಾಲದು. ಪೂರ್ತಿ ವೇಗದಲ್ಲಿ ಇನ್ನೊಮ್ಮೆ ಅಳೆಯಲೇಬೇಕು.

ಇನ್ನು ಮೈಯ ಎಲ್ಲಿ ತಟ್ಟಬೇಕು ಎಂಬುದು. ಫ್ರೀಸ್ಟೈಲ್‌ನಲ್ಲಿ ತಲೆ ಅಥವಾ ಭುಜ. ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈಗಳಲ್ಲಿ ತಲೆ ಮೇಲೆದ್ದ ಗಳಿಗೆ, ಏಕೆಂದರೆ ಮುಳುಗಿದ ತಲೆಗೆ ನೀರು ಅಡ್ಡ ಬಂದು ಪೆಟ್ಟು ತಿಳಿಯುವುದಿಲ್ಲ. ಬ್ಯಾಕ್‌ಸ್ಟ್ರೋಕ್‌ನಲ್ಲಿ ನೆತ್ತಿ ಅಥವಾ ಎದೆ. ಮುಖ ಮೇಲಿರುವುದರಿಂದ ಕೋಲು ಕಣ್ಣಿನ ಹತ್ತಿರ ಹೋಗಬಾರದು.

ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಂಥ 50 ಮೀಟರ್ ಕೊಳದಲ್ಲಿ 50 ಮೀಟರ್ ರೇಸಿಗೆ ಕೊನೆಯ ತಟ್ಟು ಒಂದೇ. 25 ಮೀಟರ್ ಕೊಳದಲ್ಲಿ ಅದೇ ದೂರಕ್ಕೆ ಒಂದು ಟರ್ನ್ ಸೇರುತ್ತದೆ, ಅಭ್ಯಾಸಕ್ಕೆ ಇದೇ ಒಳ್ಳೆಯದು. ಡಿಸೆಂಬರ್ ಬೆಳಗ್ಗೆ ಬೆಂಗಳೂರಿನ ಬಿಸಿಮಾಡದ ಕೊಳಗಳಲ್ಲಿ ಮೈ ಸೆಟೆದು ಸ್ಟ್ರೋಕ್ ಗಿಡ್ಡವಾಗುತ್ತದೆ, ಏಪ್ರಿಲ್‌ನ ಲೆಕ್ಕ ಅಲ್ಲಿ ಹೊಂದುವುದಿಲ್ಲ. ಎಳೆಬಿಸಿಲು ನೀರಿನಿಂದ ಕಣ್ಣಿಗೆ ರಾಚಿದರೆ ದೂರ ತಪ್ಪುತ್ತದೆ. ಟ್ಯಾಪರ್ ಟೋಪಿ ಹಾಕಿ ನಿಲ್ಲಲಿ.

ರೇಸಿನಲ್ಲಿ ಟ್ಯಾಪರ್ ಬಾಯಿಬಿಟ್ಟು ಸಲಹೆ ಕೊಡುವಂತಿಲ್ಲ, ಹುರಿದುಂಬಿಸುವಂತೆಯೂ ಇಲ್ಲ. ಈಜುಗಾರರು ತಪ್ಪಿ ಬೇರೆ ಲೇನ್‌ಗೆ ಹೋದಾಗ ಮಾತ್ರ, ಮೊದಲು ಅವರ ಹೆಸರು ಕೂಗಿ, ದಾರಿ ಹೇಳಬಹುದು. ಹೆಸರು ಮೊದಲು ಬರಬೇಕು, ಇಲ್ಲದಿದ್ದರೆ ಪಕ್ಕದ ಲೇನಿನ ಇನ್ನೊಬ್ಬರು ತಮಗೇ ಹೇಳಿದರೆಂದು ತಿರುಗಿಬಿಡುತ್ತಾರೆ.