ಮಗನ ಆಟಿಸಂ, ನನ್ನ ಆಟಿಸಂ ಮತ್ತು ತಾಯಿ ಹೊಲಿದ ಕೌದಿ: ನನ್ನ ಅನುಭವ

ನನ್ನ ಹನ್ನೊಂದು ವರ್ಷದ ಮಗನಿಗೆ ಆಟಿಸಂ ಇದೆ, ಅಂದರೆ ಮಾತು, ಒಡನಾಟ, ಸದ್ದು–ಸ್ಪರ್ಶಗಳ ಅನುಭವ ಅವನಿಗೆ ಹುಟ್ಟಿನಿಂದಲೇ ಬೇರೆ ರೀತಿ. ಅವನು ಈಗ ರಾತ್ರಿ ಒಂಬತ್ತೂವರೆಗೆ ಮಲಗಿದರೆ ಬೆಳಗಿನ ಆರರವರೆಗೆ ಏಳುವುದಿಲ್ಲ. ಥೆರಪಿಗಳನ್ನು ಕಡಿಮೆ ಮಾಡಿ ಮನೆಯ ರೂಢಿಗಳನ್ನೇ ಬದಲಿಸುತ್ತೇವೆ ಎಂದಾಗ ಬೀಗರಿಂದ ಹಿಡಿದು ಧಾರವಾಡದ ನಮ್ಮ ಓಣಿಯವರವರೆಗೆ ಎಲ್ಲರೂ ಹುಡುಗನ ಬದುಕು ಹಾಳಾಗುತ್ತದೆ ಎಂದಿದ್ದರು. ಮೂರು ವರ್ಷ ಪಟ್ಟುಹಿಡಿದು ಮಾಡಿದ್ದಕ್ಕೆ ಫಲ ಕಂಡಿದೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅದಕ್ಕೂ ಮೊದಲು ಸುಮಾರು 3 ಲಕ್ಷ ರೂಪಾಯಿ ಕರಗಿತ್ತು. ವಾರಕ್ಕೆ ಮೂರು ದಿನ ಹುಬ್ಬಳ್ಳಿಗೆ ಹೋಗಿ ಮಾಡಿಸುತ್ತಿದ್ದ ಒ.ಟಿ.ಗೆ (ಆಕ್ಯುಪೇಷನಲ್ ಥೆರಪಿ, ದಿನನಿತ್ಯದ ಕೆಲಸಗಳನ್ನು ರೂಢಿಸುವ ಚಿಕಿತ್ಸೆ) ಪ್ರತಿ ಸಲ 500–600 ರೂಪಾಯಿ ಆಗುತ್ತಿತ್ತು. ಆಟಿಸಂನಂಥ ಅಂಗವೈಕಲ್ಯ ಇರುವವರಿಗಾಗಿ ಸರ್ಕಾರ ನಡೆಸುವ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ರಕ್ಷಣೆ ಇದೆಯೆಂದು ನಮಗೆ ಗೊತ್ತಾದದ್ದು ಎರಡು ವರ್ಷ ಕೈಯಿಂದ ಕೊಟ್ಟ ಮೇಲೆ.

ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಒಂದು ಚೂರು ಪೇಢೆ ಎಂಬ ತರಬೇತಿಯನ್ನು ಎಂಟು ತಿಂಗಳು ನಡೆಸಿದೆವು. ಅವನು ನೋಡುವುದನ್ನು ಕಲಿತನು, ಆದರೆ ನೋಡುವಾಗ ನಮ್ಮ ಮಾತು ಅವನಿಗೆ ತಲುಪುತ್ತಿರಲಿಲ್ಲ. ಎಡಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಬೆಳ್ಳಗಾಗುವಂತೆ ಹಿಂಡಿಕೊಂಡು ನಿಲ್ಲುತ್ತಿದ್ದನು, ಸಿಕ್ಕ ಪೇಢೆಯನ್ನು ತಿನ್ನದೆ ಕೆಳಗಿಟ್ಟು ಗೋಡೆಯ ಕಡೆ ತಿರುಗುತ್ತಿದ್ದನು. ಅದನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ. ಆಟಿಸಂಗೆ ಒಳ್ಳೆಯದೆಂದು ಕೆಲವರು ಹೇಳುವ, ಗೋಧಿ, ಹಾಲು ಬಿಡಿಸುವ ಪಥ್ಯವನ್ನೂ ಮಾಡಿದೆವು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಜೋಳದ ರೊಟ್ಟಿಯಲ್ಲಿ ಇಲ್ಲದ ಕಾರಣ ಗೋಧಿ ಬಿಡುವುದು ಸುಲಭವಾಯಿತು, ಆದರೆ ನಾಲ್ಕೈದು ಪದಾರ್ಥಗಳನ್ನಷ್ಟೇ ತಿನ್ನುವ ಹುಡುಗನಿಂದ ಮೊಸರು ಕಸಿದುಕೊಂಡದ್ದರಿಂದ ಎರಡು ಕಿಲೊ ತೂಕ ಇಳಿಯಿತು.

ನಮ್ಮ ದಾರಿ ತಿರುಗಿದ್ದು ಅವನ ಯುಡಿಐಡಿ ಕಾರ್ಡಿಗಾಗಿ (ಅಂಗವೈಕಲ್ಯದ ಸರ್ಕಾರಿ ಗುರುತಿನ ಚೀಟಿ) ಮಾಡಿಸಿದ ತಪಾಸಣೆಯಲ್ಲಿ. ವೈದ್ಯರು ಅವನ ಬಗ್ಗೆ ಕೇಳುತ್ತಿದ್ದ ಒಂದೊಂದು ಪ್ರಶ್ನೆಗೂ ನನ್ನ ಬಾಲ್ಯ ಉತ್ತರವಾಗಿತ್ತು. ರೊಟ್ಟಿ ಬಡಿಯುವ ಸಪ್ಪಳಕ್ಕೆ ನಾನೂ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದೆ, ಹಠಮಾರಿ ಎಂದು ಏಟು ತಿನ್ನುತ್ತಿದ್ದೆ. ನಲವತ್ತೆರಡರಲ್ಲಿ ನಾನೂ ಪರೀಕ್ಷೆ ಮಾಡಿಸಿಕೊಂಡೆ, ನನ್ನದೂ ಆಟಿಸಂ ಎಂದು ತಿಳಿಯಿತು. ನನ್ನ ತಾಯಿ ಅಂದು ರಾತ್ರಿ ಊಟ ಮಾಡಲಿಲ್ಲ, ಮರುದಿನದಿಂದ ಮೊಮ್ಮಗ ಶಾಲೆಗೆ ಹೋದ ಮೇಲೆಯೇ ರೊಟ್ಟಿ ಬಡಿಯತೊಡಗಿದರು.

ಮೈಮೇಲೆ ಹದವಾದ ಭಾರವಿದ್ದರೆ ನಿದ್ದೆ ಬರುತ್ತದೆಂದು ಬಳಸುವ ತೂಕದ ಹೊದಿಕೆಗೆ ಆಗ ಏಳು ಸಾವಿರ ಕೇಳುತ್ತಿದ್ದರು. ತಾಯಿ ತಮ್ಮ ಹಳೆಯ ಇಳಕಲ್ ಸೀರೆಗಳಿಂದ ಕೌದಿ ಹೊಲಿದರು. ಮೊದಲನೆಯದು ನಾಲ್ಕು ಕಿಲೊ ಆಗಿ, ಅವನಿಗೆ ಭಾರವಾಗಿ ಅತ್ತುಬಿಟ್ಟನು. ಎರಡನೆಯದನ್ನು ಅವನ ತೂಕದ ಹತ್ತನೆಯ ಒಂದು ಪಾಲಿಗೆ, ಅಂದರೆ ಎರಡೂವರೆ ಕಿಲೊಗೆ ಇಳಿಸಿದೆವು. ಬೇಡವೆನಿಸಿದರೆ ತಾನೇ ಸರಿಸಿಕೊಳ್ಳುವಂತಿರಬೇಕು, ಮುಖಕ್ಕೆ ಹೊದಿಸಬಾರದು. ಭಾರ ಒಂದೇ ಕಡೆ ಸರಿಯದಂತೆ ಹಾಕಿದ ಹೊಲಿಗೆ ಮಾತ್ರ ತಾಯಿಯ ಗುಟ್ಟು, ಅದನ್ನು ನಾನು ಬರೆಯುವುದಿಲ್ಲ.

ಇದರ ನಡುವೆ ಭಾನುವಾರದ ಬೆಳಿಗ್ಗೆ, ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯವರೆಗೆ ಸುಮ್ಮನೆ ಹೋಗಿಬರತೊಡಗಿದೆವು. ಟೋಲ್ ನಾಕಾ, ನವನಗರ, ಉಣಕಲ್ ಎಂದು ನಿಲ್ದಾಣಗಳ ಹೆಸರನ್ನು ಅವನು ಹೇಳುತ್ತಾನೆ, ನಾನು ಮುಂದಿನದನ್ನು ಹೇಳುತ್ತೇನೆ. ನಾವಿಬ್ಬರೂ ಕಿಟಕಿಯ ಹೊರಗೇ ನೋಡುತ್ತಿರುತ್ತೇವೆ. ಶಾಲೆಯಲ್ಲಿ ಏನಾಯಿತೆಂದು ಅವನು ಮೊದಲ ಬಾರಿ ತಾನಾಗಿ ಹೇಳಿದ್ದು ಆ ಬಸ್ಸಿನಲ್ಲಿಯೇ.

ತಾಯಿ ಈಗ ಇನ್ನೊಂದು ಕೌದಿ ಹಿಡಿದಿದ್ದಾರೆ. ಅದು ನನಗೆ, ಸುಮಾರು ಏಳು ಕಿಲೊ ಆಗಬಹುದು, ಅರ್ಧ ಮುಗಿದಿದೆ.